ನರ್ಸ್ ಎಂದು ಹಣ ಪಡೆದು ತರಬೇತಿಯಿಲ್ಲದ ಸಹಾಯಕಿಯನ್ನು ಕಳುಹಿಸಿದ ಬಗ್ಗೆ ದೂರು

ಮೈಸೂರು
6 ಆಗಸ್ಟ್ 2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಮನೆ ಶುಶ್ರೂಷಾ ಸೇವಾ ಸಂಸ್ಥೆ, ಬೆಂಗಳೂರು

ವಿಷಯ: 4 ಜೂನ್ 2025ರಿಂದ 24 ಜುಲೈ 2025ರವರೆಗೆ ನಮ್ಮ ತಾಯಿಯವರಿಗೆ ನೀಡಿದ ಸೇವೆಯಲ್ಲಿನ ಲೋಪ ಮತ್ತು ಹಣ ವಾಪಸಾತಿ.

ಮಾನ್ಯರೇ,

ನಮ್ಮ ತಾಯಿಯವರಿಗೆ 81 ವರ್ಷ. ಮೇ ತಿಂಗಳಿನಲ್ಲಿ ಪಾರ್ಶ್ವವಾಯುವಾಗಿ ಬಲಭಾಗ ಸ್ವಾಧೀನ ತಪ್ಪಿತು. ನುಂಗಲು ಆಗದ್ದರಿಂದ ಮೂಗಿನ ಮೂಲಕ ಟ್ಯೂಬ್ ಹಾಕಿ ಆಸ್ಪತ್ರೆಯಿಂದ ಮನೆಗೆ ಕಳುಹಿಸಿದರು. ಟ್ಯೂಬಿನಲ್ಲಿ ಆಹಾರ ಕೊಡುವಾಗ ಮತ್ತು ಕೊಟ್ಟ ಮೇಲೂ ಸ್ವಲ್ಪ ಹೊತ್ತು ತಲೆಯ ಭಾಗವನ್ನು ಎತ್ತರಿಸಿಡಬೇಕು, ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆಡ್‌ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು) ಆಗುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ನಾನು ಪ್ರೌಢಶಾಲಾ ಶಿಕ್ಷಕಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಮರಳುವುದು ಸಂಜೆ ಐದಕ್ಕೆ. ಆದ್ದರಿಂದಲೇ ಅಗ್ಗದ ದಾರಿ ಹುಡುಕದೆ, ತರಬೇತಿ ಪಡೆದ ನರ್ಸ್ ಬೇಕೆಂದು ನಿಮ್ಮ ಸಂಸ್ಥೆಯನ್ನು ಆರಿಸಿಕೊಂಡೆವು.

ನಿಮ್ಮ ದರಪಟ್ಟಿಯಲ್ಲಿ ಹಗಲು-ರಾತ್ರಿ ಇರುವ ಸಹಾಯಕಿಗೆ ದಿನಕ್ಕೆ 800 ರೂಪಾಯಿ, ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಓದಿದ ನರ್ಸ್‌ಗೆ 1,400 ರೂಪಾಯಿ ಎಂದಿತ್ತು. ನಾವು ಎರಡನೆಯದನ್ನು ಆರಿಸಿ 60 ದಿನಗಳಿಗೆ 84,000 ರೂಪಾಯಿಯನ್ನು ಎರಡು ಕಂತಿನಲ್ಲಿ ಮುಂಗಡವಾಗಿಯೂ, 20,000 ರೂಪಾಯಿಯನ್ನು ಠೇವಣಿಯಾಗಿಯೂ ಕಟ್ಟಿದೆವು. ನಮ್ಮ ತಂದೆಯವರಿಂದ ಬಂದ ಕುಟುಂಬ ಪಿಂಚಣಿ ತಿಂಗಳಿಗೆ 19,000 ರೂಪಾಯಿ. ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲಿಗೆ ಒದಗಿತೇ ಹೊರತು ಮನೆಯ ಶುಶ್ರೂಷೆಗೆ ಒದಗಲಿಲ್ಲ. ಉಳಿದದ್ದನ್ನು ನಾನು ಚೀಟಿ ಎತ್ತಿ, ನನ್ನ ತಂಗಿ ಒಡವೆಯ ಮೇಲೆ ಸಾಲ ಮಾಡಿ ಹೊಂದಿಸಿದೆವು. ದಿನಕ್ಕೆ 600 ರೂಪಾಯಿ ಹೆಚ್ಚಿಗೆ ಕೊಟ್ಟದ್ದು ಕೇವಲ ಒಂದು ಕಾರಣಕ್ಕೆ: ಕಲಿತ ಕೈ ನಮ್ಮ ತಾಯಿಯನ್ನು ಮುಟ್ಟಲಿ ಎಂದು.

ನೀವು ಕಳುಹಿಸಿದ್ದು ಹತ್ತೊಂಬತ್ತು ವರ್ಷದ ಹುಡುಗಿಯನ್ನು. ಜಿಎನ್‌ಎಂ ಎಂದರೆ ಮೂರು ವರ್ಷದ ಕೋರ್ಸು. ಅದನ್ನು ಮುಗಿಸಿ ಇಲ್ಲಿ ಕೆಲಸ ಮಾಡುವ ನರ್ಸ್ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ಸಂಖ್ಯೆಯನ್ನು ನಾನು ನಿಮ್ಮ ಮೈಸೂರು ಸಂಯೋಜಕರಿಗೆ ಜೂನ್ 6, ಜೂನ್ 19 ಮತ್ತು ಜುಲೈ 7ರಂದು ವಾಟ್ಸಾಪ್‌ನಲ್ಲಿ ಕೇಳಿದ್ದೇನೆ. ಮೂರು ಸಲವೂ ಬಂದ ಉತ್ತರ ಒಂದೇ, "ಹೆಡ್ ಆಫೀಸಿನಿಂದ ಬರುತ್ತದೆ ಮೇಡಂ." ಅದು ಈವರೆಗೂ ಬಂದಿಲ್ಲ. ನೀವು ಕೊಟ್ಟ ಎರಡು ಬಿಲ್ಲುಗಳಲ್ಲಿಯೂ 'ಸೇವಾ ಶುಲ್ಕ' ಎಂದಷ್ಟೇ ಇದ್ದು, ನರ್ಸ್ ಎಂಬ ಪದವೇ ಇಲ್ಲದಿರುವುದನ್ನು ನಾನು ತಡವಾಗಿ ಗಮನಿಸಿದೆ.

ಜುಲೈ 23ರ ಸಂಜೆ ತಾಯಿಯವರ ಬಟ್ಟೆ ಬದಲಿಸಲು ನಾನೂ ಕೈಜೋಡಿಸಿದಾಗ, ಸೊಂಟದ ಕೆಳಗೆ ಬಾಲಮೂಳೆಯ ಬಳಿ ಚರ್ಮ ಕಿತ್ತು ಅಂಗೈಯಗಲದ ಹುಣ್ಣಾಗಿರುವುದು ಕಂಡಿತು. ಅವರಿಗೆ ಮಾತು ಬಾರದು. ನೋವನ್ನು ಹೇಳಿಕೊಳ್ಳಲೂ ಆಗಿರಲಿಲ್ಲ. ದಿನವೂ ಬೆನ್ನು ತಿರುಗಿಸಿ ನಾನೇ ನೋಡಬೇಕಿತ್ತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಆದರೆ ಪ್ರತಿ ಸಂಜೆ ನಾನು ನೋಡುತ್ತಿದ್ದ, ಆ ಹುಡುಗಿ ಆರೈಕೆಯ ವಿವರ ಬರೆದಿಡುತ್ತಿದ್ದ ಪುಸ್ತಕದಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಗುರುತು ತಪ್ಪದೆ ಇರುತ್ತಿತ್ತು. ಆ ರಾತ್ರಿ ಹುಡುಗಿ ಅಳುತ್ತಾ ಹೇಳಿದ್ದು ಇದು: "ಅಕ್ಕಾ, ನಾನು ಪಿಯುಸಿ ಮುಗಿಸಿ ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ. ಟ್ಯೂಬಲ್ಲಿ ಊಟ ಹಾಕೋದು ಫೋನಲ್ಲಿ ವಿಡಿಯೋ ನೋಡಿ ಕಲಿತಿದ್ದು. ಯಾರಾದ್ರೂ ಕೇಳಿದ್ರೆ ನರ್ಸ್ ಅಂತ ಹೇಳು ಅಂದಿದ್ರು. ಅಜ್ಜೀನ ಒಬ್ಬಳೇ ತಿರುಗಿಸೋಕೆ ನನ್ನ ಕೈಲಿ ಆಗ್ತಿರಲಿಲ್ಲ." ಬೆಡ್‌ಸೋರ್ ತಡೆಯಲು ಹಾಕಿದ್ದ ಏರ್ ಬೆಡ್ಡಿನ (ಗಾಳಿ ತುಂಬುವ ಹಾಸಿಗೆಯ) ಮೋಟಾರಿನ ಸದ್ದಿಗೆ ಅಜ್ಜಿಗೆ ನಿದ್ದೆ ಕೆಡುತ್ತದೆಂದು ಅವಳು ರಾತ್ರಿ ಅದನ್ನು ಆರಿಸುತ್ತಿದ್ದಳಂತೆ. ಅದನ್ನು ಪ್ರೀತಿಯಿಂದಲೇ ಮಾಡಿದ್ದಾಳೆ. ಆ ಮೋಟಾರು ಏಕೆ ಓಡುತ್ತಿರಬೇಕೆಂದು ಅವಳಿಗೆ ಹೇಳಿಕೊಟ್ಟವರು ನಿಮ್ಮಲ್ಲಿ ಯಾರೂ ಇರಲಿಲ್ಲ. ನಾವು ಕೊಟ್ಟ ತಿಂಗಳ 42,000 ರೂಪಾಯಿಯಲ್ಲಿ ಅವಳ ಕೈಗೆ ಸಿಗುತ್ತಿದ್ದುದು 13,000.

ಮರುದಿನ ನಾನು ಕರೆ ಮಾಡಿದಾಗ ನಿಮ್ಮ ಸಂಯೋಜಕರು, ಹಾಸಿಗೆ ಹಿಡಿದವರಿಗೆ ಹುಣ್ಣಾಗುವುದು ಸಹಜವೆಂದೂ, ಬೇರೆಯವರು ಬೇಕಿದ್ದರೆ ಬದಲಾವಣೆ ಶುಲ್ಕ 2,500 ರೂಪಾಯಿ ಕಟ್ಟಬೇಕೆಂದೂ, ಮೂರು ತಿಂಗಳಿಗೆ ಮುಂಚೆ ನಿಲ್ಲಿಸಿದರೆ ಠೇವಣಿ ಹಿಂದಿರುಗಿಸುವುದಿಲ್ಲವೆಂದೂ ಹೇಳಿದರು. ಒಪ್ಪಂದವನ್ನು ಮೊದಲು ಮುರಿದವರು ನೀವು. ನರ್ಸನ್ನೇ ಕಳುಹಿಸದೆ, ಸೇವೆಯನ್ನು ನಾವು ಮಧ್ಯದಲ್ಲಿ ನಿಲ್ಲಿಸಿದೆವೆಂದು ಠೇವಣಿ ಹಿಡಿದಿಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ದೊರೆತದ್ದು ಸಹಾಯಕಿಯ ಸೇವೆಯಾದ್ದರಿಂದ 51 ದಿನಗಳಿಗೆ ನಿಮ್ಮದೇ ದರದಲ್ಲಿ 40,800 ರೂಪಾಯಿ ಆಗುತ್ತದೆ. ಅದನ್ನು ಕಳೆದು 43,200, ಠೇವಣಿ 20,000, ಹುಣ್ಣಿನ ಚಿಕಿತ್ಸೆಗೆ ಈವರೆಗೆ ರಸೀದಿ ಸಹಿತ ಖರ್ಚಾದ 11,600, ಒಟ್ಟು 74,800 ರೂಪಾಯಿಯನ್ನು ಈ ಪತ್ರ ತಲುಪಿದ 30 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ತಾಯಿಯವರು ಪಟ್ಟ ನೋವಿಗೆ ನಾನು ಇಲ್ಲಿ ಬೆಲೆ ಕಟ್ಟಿಲ್ಲ. ಇದಲ್ಲದೆ, ನರ್ಸ್ ಎಂದು ನೀವು ಯಾರನ್ನು ಕಳುಹಿಸಿದಿರಿ, ಅವರ ವಿದ್ಯಾರ್ಹತೆ ಏನು ಎಂಬುದಕ್ಕೆ ಸಹಿ ಮಾಡಿದ ಲಿಖಿತ ಉತ್ತರವನ್ನೂ ಕೊಡಬೇಕು. ಗಡುವು ಮೀರಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಬಳಿಕ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದ್ದರೂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯಿದೆಯಲ್ಲಿ ಅವಕಾಶವಿದೆ. ನಾವು ಮೈಸೂರಿನಲ್ಲೇ ಇದ್ದೇವೆ.

ಕೊನೆಯದಾಗಿ, ಆ ಹುಡುಗಿಯ ಜುಲೈ ತಿಂಗಳ ಸಂಬಳವನ್ನು ಈ ದೂರಿನ ನೆಪದಲ್ಲಿ ತಡೆಹಿಡಿಯಬಾರದು. ನನ್ನ ದೂರು ಅವಳ ಮೇಲಲ್ಲ, ಸಂಸ್ಥೆಯ ಮೇಲೆ.

ಇತಿ,
ತಮ್ಮ ಗ್ರಾಹಕಿ
(ಸಹಿ)

ಲಗತ್ತು: ದರಪಟ್ಟಿ, ಒಪ್ಪಂದ ಪತ್ರ, ಬಿಲ್ಲುಗಳು, ವಾಟ್ಸಾಪ್ ಸಂದೇಶಗಳ ಪ್ರತಿ, ವೈದ್ಯರ ಟಿಪ್ಪಣಿ ಮತ್ತು ಚಿಕಿತ್ಸೆಯ ರಸೀದಿಗಳು.