ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಖರ್ಚು: ಅಂದಾಜುಪಟ್ಟಿ ಬಿಡಿಬಿಡಿಯಾಗಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೆಂಗಳೂರಿನಿಂದ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕಡಿಮೆ ಬೆಲೆಗೆ ತಂದು, ಒಂದೆರಡು ವರ್ಷದಲ್ಲೇ ರಿಪೇರಿಗೆ ಹೆದರಿ ಶೆಡ್ಡಿನಲ್ಲಿ ನಿಲ್ಲಿಸಿಬಿಡುವ ನಮ್ಮ ಕೊಡಗು ಜಿಲ್ಲೆಯ ಯುವಕರ ಬಗ್ಗೆ ಓದುಗರೊಬ್ಬರು ತಮ್ಮ ಪತ್ರಿಕೆಗೆ ಬರೆದಿದ್ದ ಪತ್ರವನ್ನು ಓದಿದೆ. ಅಂಥ ಕಾರಿನ ಸಸ್ಪೆನ್ಷನ್ (ಚಕ್ರಗಳನ್ನು ಕಾರಿಗೆ ಜೋಡಿಸಿ ಕುಲುಕಾಟ ತಡೆಯುವ ವ್ಯವಸ್ಥೆ) ಕೆಲಸಕ್ಕೆ ಕೈಹಾಕಿದರೆ ಕಾರು ಕೊಂಡಷ್ಟೇ ಹಣ ಸುರಿಯಬೇಕಾಗುತ್ತದೆ, ಹಾಗಾಗಿ ಓಡುವಷ್ಟು ದಿನ ಓಡಿಸಿ ಬಿಡುವುದೇ ಲೇಸು ಎಂಬುದು ಅವರ ಅಭಿಪ್ರಾಯ. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಆ ಲೆಕ್ಕ ಸರಿಯಲ್ಲ, ಆ ಸಲಹೆಯಂತೂ ಘಟ್ಟದ ರಸ್ತೆಗಳಿರುವ ನಮ್ಮ ಜಿಲ್ಲೆಗೆ ಅಪಾಯಕಾರಿ. ಇದೇ ಕೆಲಸವನ್ನು ಒಮ್ಮೆ ತಪ್ಪಾಗಿಯೂ ಒಮ್ಮೆ ಸರಿಯಾಗಿಯೂ ಮಾಡಿಸಿದ ಅನುಭವದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು 2009ರಲ್ಲಿ ನೋಂದಣಿಯಾದ ಆಡಿ ಟಿಟಿ ಸ್ಪೋರ್ಟ್ಸ್ ಕಾರು. ಹಂಗೇರಿಯ ಗ್ಯೋರ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗಿ, ಇಡೀ ಕಾರಾಗಿಯೇ ಆಮದಾದದ್ದು. ನನ್ನ ತೋಟದ ಕರಿಮೆಣಸಿಗೆ ಒಳ್ಳೆಯ ಬೆಲೆಯಿದ್ದ 2016ರಲ್ಲಿ ಎರಡನೇ ಮಾಲೀಕನಾಗಿ ಕೊಂಡೆ. ಟಿಟಿ ಕಾರುಗಳ ತಯಾರಿಕೆಯೇ 2023ರ ನವೆಂಬರಿನಲ್ಲಿ ನಿಂತುಹೋಗಿದೆ. ನನ್ನ ಕಾರು ಈವರೆಗೆ ಓಡಿರುವುದು 61,000 ಕಿಲೋಮೀಟರ್ ಮಾತ್ರ. ಇಷ್ಟು ಕಡಿಮೆ ಓಡಿದ ಕಾರಿಗೆ ಸಸ್ಪೆನ್ಷನ್ ಕೆಲಸ ಯಾಕೆ ಬರುತ್ತದೆ ಎಂದು ಅನೇಕರು ಕೇಳುತ್ತಾರೆ. ನಾನೂ ಮೊದಲು ಹಾಗೆಯೇ ನಂಬಿದ್ದೆ, ತಪ್ಪಿದ್ದು ಅಲ್ಲಿಯೇ.

ಸಸ್ಪೆನ್ಷನ್ ಎಂದರೆ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಎರಡೇ ಅಲ್ಲ. ಚಕ್ರವನ್ನು ಹಿಡಿದಿರುವ ಪ್ರತಿಯೊಂದು ಆರ್ಮ್ (ತೋಳಿನಂಥ ಲೋಹದ ಭಾಗ) ಕೂಡ ಚಾಸಿಗೆ, ಅಂದರೆ ಕಾರಿನ ಕೆಳಚೌಕಟ್ಟಿಗೆ, ಸೇರುವ ಕಡೆ ನಡುವೆ ಲೋಹದ ಕೊಳವೆಯಿರುವ ಒಂದು ರಬ್ಬರ್ ಬುಶ್ ಇರುತ್ತದೆ. ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ, ಅದನ್ನು ಕಾರಿನ ಮೈಗೆ ಜೋಡಿಸುವ, ರಬ್ಬರಿನದೇ ಟಾಪ್ ಮೌಂಟ್ ಇರುತ್ತದೆ. ಈ ರಬ್ಬರಿಗೆ ವಯಸ್ಸಾಗುವುದು ಓಡಿದ ದೂರದಿಂದ ಮಾತ್ರವಲ್ಲ, ಕಳೆದ ವರ್ಷಗಳಿಂದಲೂ ಹೌದು. ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ಒಂದೇ ಭಂಗಿಯಲ್ಲಿ ನಿಂತ ಕಾರಿನ ರಬ್ಬರ್ ಗಡುಸಾಗಿ ಬಿರಿಯುತ್ತದೆ. ತೇವಕ್ಕೆ ಸ್ಪ್ರಿಂಗಿನ ಕೆಳಗಿನ ಸುತ್ತು ತುಕ್ಕು ಹಿಡಿಯುತ್ತದೆ. ಬೋಲ್ಟುಗಳು ಬುಶ್ಶಿನ ಒಳಗಿನ ಕೊಳವೆಗೆ ಕಚ್ಚಿಕೊಂಡುಬಿಡುತ್ತವೆ. ಒಣ ಹವೆಯ ಊರಿನಲ್ಲಿ ದಿನವೂ ಓಡಿದ ಕಾರಿಗಿಂತ ಕೊಡಗಿನಲ್ಲಿ ನಿಂತ ಕಾರಿನ ಅಡಿಭಾಗವೇ ಹೆಚ್ಚು ಹಾಳಾಗಿರುವುದನ್ನು ಕಂಡಿದ್ದೇನೆ.

2019ರಲ್ಲಿ ಮುಂದಿನ ಶಾಕ್ ಅಬ್ಸಾರ್ಬರುಗಳು ಆಯಿಲ್ ಸೋರತೊಡಗಿದಾಗ ಅವೆರಡನ್ನು ಮಾತ್ರ ಬದಲಿಸಿದೆ. ಖರ್ಚು ಉಳಿಸುವ ಯೋಚನೆಯಲ್ಲಿ ಹಳೆಯ ಟಾಪ್ ಮೌಂಟುಗಳನ್ನೇ ಮತ್ತೆ ಕೂರಿಸಿದೆವು. ಕೆಳಗಿನ ಆರ್ಮಿಗೆ ಪೇಟೆಯಲ್ಲಿ ಸಿಕ್ಕ ಡೂಪ್ಲಿಕೇಟ್ ಬುಶ್ ಹಾಕಿದೆವು. ಆ ಬುಶ್ ಒಂದೇ ಮಳೆಗಾಲ ಬಾಳಿತು. ಟಾಪ್ ಮೌಂಟ್ ವರ್ಷ ತುಂಬುವುದರೊಳಗೆ ಸದ್ದು ಮಾಡತೊಡಗಿತು. ಅದನ್ನು ತೆಗೆಯಲು ಹೊಸ ಶಾಕ್ ಅಬ್ಸಾರ್ಬರನ್ನೇ ಮತ್ತೆ ಕಳಚಬೇಕಾದ್ದರಿಂದ, ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಟ್ಟೆ. ಅಷ್ಟಾದರೂ ಹಿಂದಿನ ಆರ್ಮುಗಳ ಕಡೆ ಯಾರೂ ನೋಡಿರಲಿಲ್ಲ. ಮುಂದಿನ ಟೈರುಗಳ ಹೊರಮುಖ ಹೊಸದರಂತಿತ್ತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಟೈರಿನ ಒಳಅಂಚಿನ ಮೇಲೆ ಕೈಯಾಡಿಸಿದಾಗ ರಬ್ಬರ್ ಸವೆದು ಹೊರಬಂದಿದ್ದ ಟೈರಿನೊಳಗಿನ ತಂತಿ ಬೆರಳಿಗೆ ಚುಚ್ಚಿತು.

ಸಂಪಾಜೆ ಘಟ್ಟದಲ್ಲಿ ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಇಳಿಯುತ್ತಿದ್ದೆ. ವೇಗ ಹೆಚ್ಚಿರಲಿಲ್ಲ. ಎಡ ತಿರುವಿನ ನಡುವೆ ಡಾಂಬರಿನ ತೇಪೆಯೊಂದನ್ನು ದಾಟುವಾಗ ಕಾರಿನ ಹಿಂಭಾಗ ಗೇಣಿನಷ್ಟು ಪಕ್ಕಕ್ಕೆ ಜರುಗಿ, ಮತ್ತೆ ಹಿಡಿತಕ್ಕೆ ಬಂತು. ಎದುರಿನಿಂದ ಬಸ್ಸು ಬರುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಮಗಳು ಮಾತಾಡಲಿಲ್ಲ. ಸುಳ್ಯ ಬರುವವರೆಗೂ ಬಾಗಿಲ ಹಿಡಿಯನ್ನು ಬಿಡಲೂ ಇಲ್ಲ. ಸಸ್ಪೆನ್ಷನ್ ಸೋತ ಕಾರನ್ನು ಓಡುವಷ್ಟು ದಿನ ಓಡಿಸಿ ಎನ್ನುವವರಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಬೇರೆ ಮಾತಿಲ್ಲ.

ಆ ಬಳಿಕ ಇಡೀ ಸಸ್ಪೆನ್ಷನ್ ಕೆಲಸ ಒಟ್ಟಿಗೇ ಮಾಡಿಸಲು ನಿರ್ಧರಿಸಿ, ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ವಿಚಾರಿಸಿದೆ. ಅವರು ಕೊಟ್ಟ ಅಂದಾಜು ಒಂದೇ ಸಾಲಿನದು: ಸಸ್ಪೆನ್ಷನ್ ಓವರ್‌ಹಾಲ್, 3,40,000 ರೂಪಾಯಿ. ಯಾವ ಭಾಗ, ಯಾವ ಕಂಪೆನಿಯದು, ಎಷ್ಟು ಕೂಲಿ ಎಂಬ ವಿವರ ಅದರಲ್ಲಿ ಇರಲಿಲ್ಲ. ಒತ್ತಾಯಿಸಿ ಕೇಳಿದಾಗ ತಿಳಿದದ್ದೇನೆಂದರೆ, ಬುಶ್ ಹೋದ ಕಡೆಯಲ್ಲೆಲ್ಲ ಇಡೀ ಆರ್ಮನ್ನೇ ಹೊಸದಾಗಿ ತರಿಸಿ ಹಾಕುವುದು ಅವರ ಲೆಕ್ಕವಾಗಿತ್ತು. ನನ್ನ ಕಾರಿನ ಮುಂದಿನ ಆರ್ಮ್ ಅಲ್ಯೂಮಿನಿಯಂನದು. ಎಲ್ಲಿಯೂ ಬಡಿದು ಬಗ್ಗದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಅದರ ಎರಡು ಬುಶ್ಶುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಬಹುದು. ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟನ್ನು ಬೋಲ್ಟುಗಳಿಂದ ಬಿಗಿದಿರುವುದರಿಂದ ಅದನ್ನೂ ಬೇರೆಯಾಗಿಯೇ ಬದಲಿಸಬಹುದು.

ಯುವಕರು ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಈ ಟಿಟಿ ಕಾರಿನ ಅಡಿಪಾಯವೂ ನಮ್ಮಲ್ಲಿ ಸಾಕಷ್ಟು ಓಡಾಡುವ ಸ್ಕೋಡಾ ಲಾರಾ ಮತ್ತು ಅದೇ ಕಾಲದ ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರುಗಳ ಅಡಿಪಾಯವೂ ಮೂಲತಃ ಒಂದೇ. ಎಲ್ಲ ಭಾಗಗಳೂ ಹೊಂದುತ್ತವೆ ಎಂದಲ್ಲ. ಲಾರಾದ ಮುಂದಿನ ಆರ್ಮ್ ಉಕ್ಕಿನದು, ಶಾಕ್ ಅಬ್ಸಾರ್ಬರುಗಳ ಗಡಸುತನವೂ ಬೇರೆ. ಆದರೆ ಟಾಪ್ ಮೌಂಟ್, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಲಿಂಕ್ ರಾಡ್, ಹಿಂದಿನ ಆರ್ಮಿನ ಬುಶ್ ಮುಂತಾದ ಹಲವು ಬಿಡಿಭಾಗಗಳು ಹೊಂದುತ್ತವೆ. ಭಾಗದ ನಂಬರನ್ನು ಹೋಲಿಸಿ ನೋಡಿ, ಲೆಮ್‌ಫೋರ್ಡರ್, ಸ್ಯಾಕ್ಸ್‌ನಂಥ ತಯಾರಕರ ಮಾಲನ್ನೇ ಹೆಸರು ಹಿಡಿದು ಕೇಳಿದರೆ, ಸ್ಪೋರ್ಟ್ಸ್ ಕಾರಿನದೆಂದು ಕೇಳಿದಾಗ ಹೇಳುವ ಬೆಲೆಗೂ ಲಾರಾದ್ದೆಂದು ಕೇಳಿದಾಗ ಹೇಳುವ ಬೆಲೆಗೂ ಇರುವ ಅಂತರ ಗೊತ್ತಾಗುತ್ತದೆ.

ಕೆಲಸ ಮಾಡಿಸಿದ್ದು ಮೈಸೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಮೇಸ್ತ್ರಿ ಕಾರನ್ನು ಲಿಫ್ಟಿಗೆ ಏರಿಸುವ ಮುನ್ನ ಟೇಪ್ ಹಿಡಿದು, ಪ್ರತಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಅದರ ಕಾರಣ ನನಗೆ ತಿಳಿದದ್ದು ಮರುದಿನ. ಹೊಸ ಬುಶ್ ಇರುವ ಆರ್ಮಿನ ಬೋಲ್ಟನ್ನು ಚಕ್ರ ಜೋತುಬಿದ್ದಿರುವಾಗಲೇ ಬಿಗಿದರೆ, ಕಾರು ನೆಲಕ್ಕಿಳಿದಾಗ ಬುಶ್ಶಿನ ರಬ್ಬರ್ ತಿರುಚಿಕೊಂಡು ಸದಾ ಎಳೆತದಲ್ಲೇ ಇರುತ್ತದೆ, ಬೇಗನೆ ಹರಿಯುತ್ತದೆ. ಆದ್ದರಿಂದ ಚಕ್ರದ ಬುಡವನ್ನು ಜಾಕಿನಿಂದ ಗೋಡೆಯ ಮೇಲೆ ಬರೆದ ಎತ್ತರಕ್ಕೆ ಎತ್ತಿ ನಿಲ್ಲಿಸಿ, ಆಮೇಲೆ ಕೊನೆಯ ಬಿಗಿತ ಕೊಡಬೇಕು. 2019ರಲ್ಲಿ ಹಾಕಿದ ಬುಶ್ ಒಂದೇ ಮಳೆಗಾಲಕ್ಕೆ ಹೋದದ್ದಕ್ಕೆ ಮಾಲಿನ ಜೊತೆಗೆ ಇದೂ ಕಾರಣವಿರಬೇಕು ಎಂದು ಅವರು ಹೇಳಿದರು. ಪ್ರೆಸ್ಸಿನಿಂದ ಹೊರಬಂದ ಹಿಂಬದಿ ಆರ್ಮಿನ ಬುಶ್ಶನ್ನು ನನ್ನ ಅಂಗೈಯಲ್ಲಿಟ್ಟರು. ರಬ್ಬರ್ ನಡುವಿನ ಕೊಳವೆಯನ್ನು ಅರ್ಧ ಸುತ್ತು ಬಿಟ್ಟುಕೊಂಡಿತ್ತು, ಸಂದಿನಲ್ಲಿ ಕಿರುಬೆರಳ ತುದಿ ಹೋಗುತ್ತಿತ್ತು. ಹಿಂದಿನ ಚಕ್ರದ ಅಲೈನ್‌ಮೆಂಟ್ (ಚಕ್ರ ನಿಲ್ಲುವ ಕೋನ) ಸರಿಪಡಿಸುವ ಬೋಲ್ಟುಗಳೆರಡೂ ಜಪ್ಪಯ್ಯ ಎಂದರೂ ಅಲುಗಲಿಲ್ಲ, ಗ್ರೈಂಡರಿನಿಂದ ಕತ್ತರಿಸಬೇಕಾಯಿತು. ಅಂದರೆ ಅಷ್ಟು ವರ್ಷವೂ ನಾನು ಮಾಡಿಸಿದ ಅಲೈನ್‌ಮೆಂಟ್ ಹಿಂದಿನ ಚಕ್ರಗಳಿಗೆ ತಟ್ಟಿಯೇ ಇರಲಿಲ್ಲ.

ಒಟ್ಟು ಖರ್ಚು 1,64,000 ರೂಪಾಯಿ. ನಾಲ್ಕು ಶಾಕ್ ಅಬ್ಸಾರ್ಬರುಗಳಿಗೆ 50,500, ತುದಿ ಮುರಿದಿದ್ದ ಸ್ಪ್ರಿಂಗ್ ಮತ್ತು ಅದರ ಜೋಡಿಗೆ 13,000, ಎಲ್ಲ ಬುಶ್, ಟಾಪ್ ಮೌಂಟ್, ಬಾಲ್ ಜಾಯಿಂಟ್, ಲಿಂಕ್ ರಾಡುಗಳಿಗೆ ಸೇರಿ 60,500, ಬೋಲ್ಟು ನಟ್ಟುಗಳಿಗೆ 11,500, ಕೂಲಿ 26,000, ಅಲೈನ್‌ಮೆಂಟಿಗೆ 2,500. ಬೋಲ್ಟಿಗೆ ಇಷ್ಟು ಹಣವೇ ಎಂದು ನಾನೂ ಕೇಳಿದ್ದೆ. ಈ ಕಾರುಗಳ ಅನೇಕ ಬೋಲ್ಟುಗಳನ್ನು ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದ ಮೇಲೆ ಮತ್ತೆ 90 ಡಿಗ್ರಿಯೋ 180 ಡಿಗ್ರಿಯೋ ತಿರುಗಿಸುವುದರಿಂದ ಅವು ಹಿಗ್ಗುತ್ತವೆ. ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಅಲ್ಲಿ ಉಳಿತಾಯಕ್ಕೆ ಹೋಗಬಾರದು. ಇದು ಸಣ್ಣ ಮೊತ್ತವಲ್ಲ, ನಮ್ಮಂಥ ಬೆಳೆಗಾರರಿಗೆ ಕಾಫಿ ಮಾರಿದ ದುಡ್ಡಿನಲ್ಲಿ ಎತ್ತಿಡಬೇಕಾದ ಮೊತ್ತವೇ. ಆದರೂ ಮೊದಲ ಅಂದಾಜಿನ ಅರ್ಧಕ್ಕಿಂತ ಕಡಿಮೆ. ಬದಲಾಗದೆ ಉಳಿದ ಹಳೆಯ ರಬ್ಬರ್ ಒಂದೂ ಇಲ್ಲ.

ಆದ್ದರಿಂದ ಗ್ಯಾರೇಜಿನವರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ಅಂದಾಜುಪಟ್ಟಿಯಲ್ಲಿ ಪ್ರತಿಯೊಂದು ಭಾಗದ ಹೆಸರು, ನಂಬರು, ತಯಾರಕರು, ಬೆಲೆ, ತೆರಿಗೆ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ಬರೆಯಿರಿ, ಬಿಚ್ಚಿದ ಹಳೆಯ ಭಾಗಗಳನ್ನು ಮಾಲೀಕರಿಗೆ ಒಪ್ಪಿಸಿ. ಮಾಲೀಕರು ಇದನ್ನು ಕೇಳಲು ಸಂಕೋಚಪಡಬಾರದು. ತೆರಿಗೆಯನ್ನು ವಿಶೇಷವಾಗಿ ಹೇಳಲು ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ ದರವಿದೆ. ಅದಕ್ಕೂ ಮುಂಚೆ ಬಹುತೇಕ ಭಾಗಗಳಿಗೆ ಶೇ 28 ಇತ್ತು. ತೆರಿಗೆಗೆ ಮೊದಲು 10,000 ರೂಪಾಯಿ ಇರುವ ಭಾಗ ಈಗ 12,800ರ ಬದಲು 11,800ಕ್ಕೆ ಸಿಗಬೇಕು. ಒಂದೇ ಸಾಲಿನ ಅಂದಾಜಿನಲ್ಲಿ ಈ ಇಳಿಕೆ ಯಾರ ಜೇಬು ಸೇರಿತೆಂದು ತಿಳಿಯುವುದಿಲ್ಲ.

ಕೊಳ್ಳುವವರೂ ಲೆಕ್ಕವನ್ನು ಮೊದಲೇ ಹಾಕಬೇಕು. ಇಡೀ ಕಾರಾಗಿ ಆಮದಾದ ವಾಹನಕ್ಕೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣ ಶುಲ್ಕವೇ 40,000 ರೂಪಾಯಿ. 20 ವರ್ಷ ದಾಟಿದರೆ, 2025ರ ಆಗಸ್ಟಿನಲ್ಲಿ ಬಂದ ನಿಯಮದಂತೆ, 80,000. ವಿಂಟೇಜ್ ಎಂದು ನೋಂದಾಯಿಸಲು 50 ವರ್ಷ ಮೀರಿರಬೇಕು, ಹಾಗಾಗಿ ಆ ದಾರಿ ಈ ಕಾರುಗಳಿಗಿಲ್ಲ. ಈ ಶುಲ್ಕ ಕಟ್ಟಿದ ವರ್ಷವೇ ಮಾಲೀಕರು ಸಸ್ಪೆನ್ಷನ್ ಕೆಲಸವನ್ನು ಮುಂದೂಡುವುದನ್ನು ನೋಡುತ್ತಿದ್ದೇನೆ. ಕಾರು ನೋಡಲು ಹೋದಾಗ ಬಣ್ಣ, ಸೀಟು ನೋಡುವ ಮೊದಲು ಲಿಫ್ಟಿಗೆ ಏರಿಸಿ ಬುಶ್ಶುಗಳನ್ನು ನೋಡಿ, ಟೈರಿನ ಒಳಅಂಚನ್ನು ಮುಟ್ಟಿ ನೋಡಿ, ಬರಬಹುದಾದ ಖರ್ಚನ್ನು ಅಲ್ಲೇ ಬೆಲೆಯಲ್ಲಿ ಇಳಿಸಿಕೊಳ್ಳಬೇಕು.

ಕೊನೆಯದಾಗಿ ರಸ್ತೆಯ ಮಾತು, ಏಕೆಂದರೆ ಮಾಡಿಸಿದ ಕೆಲಸ ಎಷ್ಟು ಬಾಳುತ್ತದೆ ಎಂಬುದು ಅದರ ಮೇಲೂ ನಿಂತಿದೆ. ನನ್ನ ಕಾರಿನ ಟೈರು 245/40 ಆರ್ 18 ಅಳತೆಯದು, ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 40. ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರಿನ ಎತ್ತರ 98 ಮಿಲಿಮೀಟರ್ ಮಾತ್ರ. ಮಳೆಗಾಲದ ಗುಂಡಿಗಳಿಗೆ ಪ್ರಕೃತಿಯನ್ನು ದೂರಬಹುದು, ಹಂಪುಗಳಿಗೆ ಹಾಗೆ ಹೇಳಲಾಗದು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪಿನ ಎತ್ತರ 10 ಸೆಂಟಿಮೀಟರ್, ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಲು ಬರುವ ಉಬ್ಬು ಅದು. ಸಿದ್ದಾಪುರದಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ನಾನು ನಿತ್ಯ ದಾಟುವ ಒಂದು ಹಂಪನ್ನು ಟೇಪಿನಿಂದ ಅಳೆದಿದ್ದೇನೆ. ಅದರ ಅಗಲ ಒಂದು ಮೀಟರಿಗೂ ಕಡಿಮೆ, ಬಳಿದಿದ್ದ ಬಿಳಿ ಬಣ್ಣ ಪೂರ್ತಿ ಅಳಿಸಿದೆ. ಅದನ್ನು ದಾಟುವಾಗ ಆಟೋದವರೂ ಪಿಕಪ್ಪಿನವರೂ ನನ್ನಷ್ಟೇ ಕಷ್ಟಪಡುತ್ತಾರೆ. ಅವರ ಬುಶ್ಶುಗಳೂ ರಬ್ಬರಿನವೇ. ಸಂಬಂಧಪಟ್ಟವರು ಮುಂದಿನ ಮಳೆಗಾಲಕ್ಕೆ ಮೊದಲು ಇಂಥ ಹಂಪುಗಳನ್ನು ಅಳತೆಗೆ ತರಬೇಕೆಂದು ಕೋರುತ್ತೇನೆ.

ಕಳಚಿದ ಹಳೆಯ ಬುಶ್ಶುಗಳನ್ನೂ ಕತ್ತರಿಸಿದ ಬೋಲ್ಟುಗಳನ್ನೂ ಒಂದು ಗೋಣಿಚೀಲದಲ್ಲಿ ಕಾಫಿ ಗೋದಾಮಿನಲ್ಲಿ ಇಟ್ಟುಕೊಂಡಿದ್ದೇನೆ, ಬಿಲ್ಲುಗಳೂ ಇವೆ. ಇಂಥ ಕಾರು ಕೊಳ್ಳುವ ಯೋಚನೆಯಲ್ಲಿರುವ ನಮ್ಮ ಕಡೆಯ ಯುವಕರು ಯಾರೇ ಬಂದರೂ ಎರಡನ್ನೂ ಮುಂದಿಟ್ಟು ತೋರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಕಾಫಿ ಬೆಳೆಗಾರ,
ಸಿದ್ದಾಪುರ, ಕೊಡಗು