ಚೆರ್ರಿ ಕೌಂಟಿಗೆ ಹೊರಟ ಮೇಘನಾಳಿಗೆ

ಲಿಂಕನ್, ನೆಬ್ರಾಸ್ಕ

ಚಿ. ಮೇಘನಾಳಿಗೆ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚೆರ್ರಿ ಕೌಂಟಿಯ ವ್ಯಾಲೆಂಟೈನ್ ಊರಿನಲ್ಲಿ ನಿನಗೆ ಡಾಕ್ಟರ್ ಕೆಲಸ ಸಿಗುವ ಹಾಗಿದೆ ಎಂದು ಅಣ್ಣ ಫೋನ್ ಮಾಡಿ ಹೇಳಿದ. ಅವನಿಗೆ ಖುಷಿ. ವೈನಿಗೆ ಮಾತ್ರ ಸಮಾಧಾನವಿಲ್ಲ. ಮ್ಯಾಪ್ ತೆಗೆದು ನೋಡಿದರಂತೆ, ಸುತ್ತಮುತ್ತ ಊರೇ ಕಾಣಲಿಲ್ಲವಂತೆ. "ಜನರೇ ಇಲ್ಲದ ಕಡೆ ಹುಡುಗಿ ಮೂರು ವರ್ಷ ಹೇಗಿರ್ತಾಳೆ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಅಲ್ಲಿ ಜನ ಯಾಕೆ ಕಡಿಮೆ ಎಂಬುದು ತಿಳಿದರೆ, ಹೇಗಿರಬೇಕು ಎಂಬುದು ನಿನಗೇ ಹೊಳೆಯುತ್ತದೆ. ನಾನು ಅಂತರ್ಜಲ ಅಳೆಯುವ ಕೆಲಸದಲ್ಲಿ ಆ ಕಡೆ ಬಹಳ ಸುತ್ತಿದವನು. ಅದಕ್ಕೇ ಈ ಉದ್ದನೆಯ ಪತ್ರ.

ಮೊದಲು ಲೆಕ್ಕ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಚೆರ್ರಿ ಕೌಂಟಿಯ ವಿಸ್ತೀರ್ಣ ಸುಮಾರು 15,500 ಚದರ ಕಿಲೋಮೀಟರ್. ಗದಗ, ಹಾವೇರಿ ಬೇರೆಯಾಗುವ ಮೊದಲಿನ ನಮ್ಮ ಧಾರವಾಡ ಜಿಲ್ಲೆಗಿಂತ ದೊಡ್ಡದು. ಆ ಮೂರೂ ಜಿಲ್ಲೆ ಸೇರಿ 2011ರಲ್ಲಿ 45 ಲಕ್ಷ ಜನರಿದ್ದರು. ಚೆರ್ರಿ ಕೌಂಟಿಯಲ್ಲಿ 2020ರ ಗಣತಿಯಂತೆ 5,455. ಅವರಲ್ಲೂ ಹತ್ತಿರಹತ್ತಿರ ಅರ್ಧ ಜನ ವ್ಯಾಲೆಂಟೈನ್‌ನಲ್ಲೇ ಇದ್ದಾರೆ. ಉಳಿದವರನ್ನು ಹಂಚಿದರೆ ಎರಡು ಚದರ ಮೈಲಿಗೆ ಒಬ್ಬರೂ ಸಿಗುವುದಿಲ್ಲ. ದನಗಳ ಲೆಕ್ಕ ಬೇರೆ. ಮಾಂಸದ ತಳಿಯ ಹಸುಗಳ ಸಂಖ್ಯೆಯಲ್ಲಿ ಅಮೆರಿಕದ ಕೌಂಟಿಗಳಲ್ಲಿ ಇದು ಮೊದಲನೆಯದು. ಲಕ್ಷ ದಾಟಿದ ಹಸುಗಳಿವೆ.

ಇದಕ್ಕೆ ಕಾರಣ ನೆಲ. ಅಲ್ಲಿನ ಗುಡ್ಡಗಳೆಲ್ಲ ಮರಳು. ಸ್ಯಾಂಡ್‌ಹಿಲ್ಸ್ ಎನ್ನುತ್ತಾರೆ, ನೆಬ್ರಾಸ್ಕದ ಕಾಲು ಭಾಗ ಆವರಿಸಿದೆ. ಗಾಳಿ ತಂದು ಗುಡ್ಡೆ ಹಾಕಿದ ಮರಳಿನ ದಿಬ್ಬಗಳವು, ಕೆಲವು ನೂರಿಪ್ಪತ್ತು ಮೀಟರ್ ಎತ್ತರ ಇವೆ. ಮೇಲೆ ಹುಲ್ಲು ಹಬ್ಬಿದ್ದರಿಂದ ಮಾತ್ರ ನಿಂತಿವೆ. ಹುಲ್ಲು ಹೋದ ಕಡೆ ಗಾಳಿ ಮರಳನ್ನು ತೋಡಿ ಹೊಂಡ ಮಾಡುತ್ತದೆ. ಅಲ್ಲಿಯವರು ಅದಕ್ಕೆ ಬ್ಲೋಔಟ್ ಎನ್ನುತ್ತಾರೆ. ಒಂದು ಬೇಲಿಗೂಟದ ಬುಡದಲ್ಲಿ, ದನ ಪದೇಪದೇ ತುಳಿದ ಜಾಡಿನಲ್ಲಿ ಶುರುವಾದರೂ ಸಾಕು, ಬೆಳೆಯುತ್ತಾ ಹೋಗುತ್ತದೆ. ಇಂಥ ನೆಲವನ್ನು ಉತ್ತರೆ ಏನಾಗುತ್ತದೆ ಹೇಳು.

ಆದರೆ ಮೇಲೆ ಒಣಗಿದಂತೆ ಕಾಣುವ ಆ ನೆಲದ ಕೆಳಗೆ ನೀರು ತುಂಬಿದೆ. ಓಗಲಾಲ ಎಂಬ ದೊಡ್ಡ ಜಲಪದರ ಎಂಟು ರಾಜ್ಯಗಳ ಕೆಳಗೆ ಹರಡಿದೆ, ಅದರ ಅತಿ ದಪ್ಪನೆಯ ಭಾಗ ಇರುವುದು ಇಲ್ಲೇ. ಟೆಕ್ಸಾಸ್, ಕಾನ್ಸಾಸ್ ಕಡೆ ಇದೇ ನೀರು ವರ್ಷವರ್ಷ ಇಳಿಯುತ್ತಿದೆ. ಇಲ್ಲಿ ಬಿದ್ದ ಮಳೆ ಹರಿದು ಹೋಗದೆ ಮರಳಿನೊಳಗೆ ಇಂಗುತ್ತದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಅಂತರ್ಜಲವೇ ಮೇಲೆ ಕಾಣಿಸಿಕೊಂಡು ಕೆರೆಯಾಗಿದೆ. ನಯೋಬ್ರಾರ ನದಿ ಬೇಸಿಗೆಯಲ್ಲೂ ಬತ್ತದಿರುವುದು ಇದರಿಂದಲೇ. ವ್ಯಾಲೆಂಟೈನ್‌ನಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ಸ್ಮಿತ್ ಫಾಲ್ಸ್ ಇದೆ. ನಮ್ಮ ಜೋಗ ನೋಡಿದವರಿಗೆ ನಗು ಬರಬಹುದು, ಬರೀ ಅರವತ್ತು ಅಡಿ ಚಿಲ್ಲರೆ. ಆದರೂ ಹೋಗು. ಆ ಕಣಿವೆಯಲ್ಲಿ ಹಿಮಯುಗದ ಕಾಲದಿಂದ ಉಳಿದುಕೊಂಡ ಬರ್ಚ್ ಮರಗಳಿವೆ. ರಾಕಿ ಪರ್ವತದ ಕಡೆಯ ಪಾಂಡರೋಸ ಪೈನ್ ಕೂಡ ಅಲ್ಲೇ ಸಿಗುತ್ತದೆ. ಅವೆರಡನ್ನೂ ಒಟ್ಟಿಗೆ ನೋಡಲು ಸಿಗುವ ಜಾಗ ಜಾಸ್ತಿ ಇಲ್ಲ.

ಈಗ ಚರಿತ್ರೆಗೆ ಬರುತ್ತೇನೆ. ಇದು ಲಕೋಟ ಎಂಬ ಮೂಲನಿವಾಸಿ ಜನ ಬೇಟೆಯಾಡುತ್ತಿದ್ದ ನೆಲ. ಅವರನ್ನು ಉತ್ತರಕ್ಕೆ ರೋಸ್‌ಬಡ್ ರಿಸರ್ವೇಶನ್‌ಗೆ, ಅಂದರೆ ಮೂಲನಿವಾಸಿಗಳಿಗೆಂದು ಸರ್ಕಾರ ಬೇರೆ ತೆಗೆದಿಟ್ಟ ಪ್ರದೇಶಕ್ಕೆ, ಸೇರಿಸಿದ ಮೇಲೆ, ಅವರ ಮೇಲೆ ಕಣ್ಣಿಡಲು 1880ರಲ್ಲಿ ಸೈನ್ಯದವರು ಫೋರ್ಟ್ ನಯೋಬ್ರಾರ ಕಟ್ಟಿದರು. 1883ರಲ್ಲಿ ರೈಲು ಬಂತು, ಕೌಂಟಿಯೂ ಆಯಿತು. ಚೆರ್ರಿ ಎಂಬುದು ಹಣ್ಣಿನ ಹೆಸರಲ್ಲ, ಆ ಕೋಟೆಯಲ್ಲಿದ್ದು 1881ರಲ್ಲಿ ಕೊಲೆಯಾದ ಒಬ್ಬ ಲೆಫ್ಟಿನೆಂಟ್‌ನ ಹೆಸರು. ಕೋಟೆಯ ಜಾಗ ಈಗ ವನ್ಯಧಾಮ, ಅಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳನ್ನು ನೋಡಬಹುದು.

ಆಮೇಲೆ ಬಂದದ್ದು ಸರ್ಕಾರದ ಆಸೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ 160 ಎಕರೆ. ಪೂರ್ವದ ಕಪ್ಪು ಮಣ್ಣಿನಲ್ಲಿ ಅದು ಸಾಕು, ಈ ಮರಳಿನಲ್ಲಿ ಉಪವಾಸ. ಅದಕ್ಕೆ 1904ರಲ್ಲಿ ಕಿನ್‌ಕೇಡ್ ಕಾಯ್ದೆ ತಂದು 640 ಎಕರೆ ಮಾಡಿದರು. ಜನ ನುಗ್ಗಿದರು. 1907ರ ಹೊತ್ತಿಗೆ ಕಪ್ಪು ಜನರ ಕುಟುಂಬಗಳೂ ಬಂದು ನಾರ್ತ್ ಲೂಪ್ ನದಿಯ ಪಕ್ಕ ಡಿವಿಟ್ಟಿ ಎಂಬ ಊರು ಕಟ್ಟಿದವು. ಕೆಲವರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರ ಮಕ್ಕಳು. ಹುಲ್ಲಿನ ಬೇರು ಹಿಡಿದ ಮಣ್ಣನ್ನೇ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿದರು. ಶಾಲೆ ಮಾಡಿದರು, ಚರ್ಚ್ ಮಾಡಿದರು. 1920ರ ಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 11,753 ಮುಟ್ಟಿತು.

ಅಲ್ಲಿಂದ ಇಳಿಮುಖ. ಕಾರಣ ಬಹಳ ಸರಳ. ಒಂದು ಹಸುವೂ ಅದರ ಕರುವೂ ವರ್ಷವಿಡೀ ಮೇಯಲು ಆ ನೆಲದಲ್ಲಿ ಹತ್ತಾರು ಎಕರೆ ಬೇಕು. 640 ಎಕರೆಯಲ್ಲಿ ಎಷ್ಟು ಹಸು ಸಾಕುತ್ತೀಯ, ಎಷ್ಟು ಮಕ್ಕಳನ್ನು ಓದಿಸುತ್ತೀಯ? ಒಬ್ಬೊಬ್ಬರಾಗಿ ಪಕ್ಕದವರಿಗೆ ಮಾರಿ ಹೊರಟರು. ಡಿವಿಟ್ಟಿ ಮೂವತ್ತರ ದಶಕದಲ್ಲಿ ಖಾಲಿಯಾಯಿತು. ಈಗ ರಸ್ತೆ ಬದಿಯಲ್ಲಿ ಒಂದು ಫಲಕ ಇದೆ. ಅದಕ್ಕೇ ಹೇಳುತ್ತೇನೆ, ಇವತ್ತಿನ ಐದು ಸಾವಿರವನ್ನು ನೋಡಿ ಊರು ಸೋತಿತು ಅನ್ನಬೇಡ. ನನ್ನನ್ನು ಕೇಳಿದರೆ ಸುಳ್ಳು ಲೆಕ್ಕ ಅಂದಿನ ಹನ್ನೊಂದು ಸಾವಿರದ್ದು. ಹುಲ್ಲನ್ನು ಉಳಿಸಿಕೊಂಡು ಬದುಕಬಲ್ಲಷ್ಟೇ ಜನ ಉಳಿದಿದ್ದಾರೆ. ಆದರೂ ಬಿಟ್ಟುಹೋದವರ ನೋವು ಅಲ್ಲಿ ಇನ್ನೂ ಇದೆ. ಮಕ್ಕಳು ಒಮಾಹಾ, ಡೆನ್ವರ್ ಸೇರಿದ ಮನೆಗಳು ಬೇಕಾದಷ್ಟು. ವೈನಿಗೆ ಅದು ಚೆನ್ನಾಗಿ ಅರ್ಥವಾದೀತು.

ಉಳಿದವರು ಸುಮ್ನೆ ಕೂತಿಲ್ಲ. ಪಶ್ಚಿಮದ ಕೋಡಿ ಎಂಬ ಊರಿನಲ್ಲಿ ಇನ್ನೂರು ಜನರೂ ಇಲ್ಲ. ಕಿರಾಣಿ ಅಂಗಡಿ ಇಲ್ಲದೆ ಒದ್ದಾಡುತ್ತಿದ್ದರು. ಶಾಲೆಯ ಮಕ್ಕಳೇ ಮುಂದೆ ನಿಂತು, ಹುಲ್ಲಿನ ಪೆಂಡಿಗಳ ಗೋಡೆ ಕಟ್ಟಿ ಅಂಗಡಿ ಎಬ್ಬಿಸಿ 2013ರಲ್ಲಿ ತೆರೆದರು.

ಇನ್ನು ನಿನ್ನ ನಡತೆಯ ವಿಷಯ. ಯಾರನ್ನೂ "ನಿಮ್ಮದು ಎಷ್ಟು ಎಕರೆ, ಎಷ್ಟು ದನ?" ಎಂದು ಕೇಳಬೇಡ. ಅಲ್ಲಿ ಅದು ಬ್ಯಾಂಕ್ ಪಾಸ್‌ಬುಕ್ ತೋರಿಸಿ ಎಂದ ಹಾಗೆ. ಗೇಟು ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚು. ಎದುರು ಬರುವ ಗಾಡಿಯವರು ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಾರೆ, ನೀನೂ ಎತ್ತು. ಕರೆಂಟ್ ತೆಗೆಯುವ ಗಾಳಿಯಂತ್ರ ಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗಳವಾದ ಊರದು, ಆ ಮಾತು ಬಂದರೆ ಕೇಳಿಸಿಕೋ, ಪಕ್ಷ ವಹಿಸಬೇಡ. ವಸಂತದಲ್ಲಿ ಕರುಗಳಿಗೆ ಗುರುತಿನ ಬರೆ ಹಾಕಲು ನೆರೆಹೊರೆಯವರೆಲ್ಲ ಒಂದು ಕಡೆ ಸೇರುತ್ತಾರೆ. ಕರೆದರೆ ಹೋಗು. ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ಹೇಳಿಬಿಡು, ಕಾರಣ ಉಪದೇಶ ಮಾಡಬೇಡ. ಕರು ಹಾಕುವ ಕಾಲದಲ್ಲಿ ರೈತರು ತಮ್ಮ ಕಾಯಿಲೆ ಮುಂದೂಡಿಕೊಂಡೇ ಬರುತ್ತಾರೆ, ಬೈಯಬೇಡ.

ರೋಸ್‌ಬಡ್ ಕಡೆಯ ಲಕೋಟ ಜನರೂ ನಿನ್ನ ಹತ್ತಿರ ಬರಬಹುದು. ಅವರ ಬಗ್ಗೆ ಊರಿನಲ್ಲಿ ಕೆಲವರು ಆಡುವ ಮಾತನ್ನು ನಿನ್ನ ಬಾಯಿಗೆ ಹತ್ತಿಸಿಕೊಳ್ಳಬೇಡ. ಆ ನೆಲದಲ್ಲಿ ಮೊದಲು ಇದ್ದವರು ಅವರು.

ಚಳಿಗಾಲದಲ್ಲಿ ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಇಳಿಯಲು ಬಿಡಬೇಡ. ಗಾಡಿಯಲ್ಲಿ ಕಂಬಳಿ, ಸಲಿಕೆ, ನೀರು ಇರಲಿ. ಮರಳುಗುಡ್ಡಗಳ ನಡುವೆ ಫೋನ್ ಸಿಗ್ನಲ್ ನಂಬಬೇಡ. ಸಂಜೆ ಹೊತ್ತು ಜಿಂಕೆಗಳು ರಸ್ತೆಗೆ ಬರುತ್ತವೆ. ಒಂದು ತಮಾಷೆಯನ್ನೂ ನೆನಪಿಡು, ಕೌಂಟಿಯ ಪೂರ್ವಕ್ಕೂ ಪಶ್ಚಿಮಕ್ಕೂ ಗಡಿಯಾರದಲ್ಲಿ ಒಂದು ಗಂಟೆ ವ್ಯತ್ಯಾಸ. ರೋಗಿ ತಡವಾಗಿ ಬಂದರೆ ಮೊದಲು ಯಾವ ಕಡೆಯವರೆಂದು ಕೇಳು.

ತರಬೇತಿಗೆ ಬಂದ ಡಾಕ್ಟರರ ಜೆ-1 ವೀಸಾದಲ್ಲಿ, ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಹಿಂತಿರುಗಬೇಕೆಂಬ ಷರತ್ತು ಇದೆ. ಅದರಿಂದ ಬಿಡುಗಡೆ ಬೇಕೆಂದರೆ ವೈದ್ಯರಿಲ್ಲದ ಕಡೆ ಮೂರು ವರ್ಷ ದುಡಿಯಲೇಬೇಕು. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜನರಿಗೆ ಮಾತ್ರ ಅವಕಾಶ. ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಬೇಡ. ನಾರ್ತ್ ಪ್ಲಾಟ್‌ನ ದೊಡ್ಡ ಆಸ್ಪತ್ರೆ ಅಲ್ಲಿಂದ ಇನ್ನೂರು ಕಿಲೋಮೀಟರ್‌ಗೂ ಮೇಲೆ. ವಾರದಲ್ಲಿ ಎಷ್ಟು ರಾತ್ರಿ ನಿನ್ನ ಮೇಲೆ ಬರುತ್ತದೆ, ನೀನು ಧಾರವಾಡಕ್ಕೆ ಬಂದಾಗ ಯಾರು ನೋಡಿಕೊಳ್ಳುತ್ತಾರೆ, ಹಿಮಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರದಿದ್ದರೆ ಹೆರಿಗೆಯ ತೊಂದರೆಗೆ ಏನು ವ್ಯವಸ್ಥೆ, ಇವನ್ನೆಲ್ಲ ಕೇಳಿ ಕಾಗದದ ಮೇಲೆ ಬರೆಸಿಕೋ. ಒಪ್ಪಂದದ ಪ್ರತಿ ಬಂದ ಕೂಡಲೇ ನನಗೂ ಒಂದು ಕಳಿಸು. ಓದಿ ಫೋನ್ ಮಾಡುತ್ತೇನೆ.

ಇತಿ ನಿನ್ನ ಕಾಕಾ