ಕೇಳಿಸಿಕೊಳ್ಳುವುದನ್ನೂ ಕಲಿಸಿ

ಮಾನ್ಯರೇ,

ಸಂವಹನ ಕೌಶಲವೆಂದರೆ ನಿರರ್ಗಳವಾಗಿ ಮಾತನಾಡುವುದು ಎಂದೇ ಹಲವರು ತಿಳಿದಿದ್ದಾರೆ. ತರಬೇತಿಗಳೂ ಭಾಷಣ, ಸಂದರ್ಶನಗಳ ಸುತ್ತಲೇ ಗಿರಕಿ ಹೊಡೆಯುತ್ತವೆ. ಆದರೆ ಸರಿಯಾಗಿ ಕೇಳಿಸಿಕೊಳ್ಳುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಒಂದು ದುರಂತವೇ ಸಾಕ್ಷಿ. 1977ರಲ್ಲಿ ಸ್ಪೇನ್‌ನ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಮಂಜು ಕವಿದಿತ್ತು, ನಿಜ. ಆದರೆ ಪೈಲಟ್ ಮತ್ತು ನಿಯಂತ್ರಣ ಗೋಪುರದ ನಡುವಿನ ಅಸ್ಪಷ್ಟ ಮಾತೂ ಮುಖ್ಯ ಕಾರಣ. ಸೂಚನೆಯನ್ನು ಪೈಲಟ್ ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಪದ್ಧತಿ ಆ ಬಳಿಕ ಇನ್ನಷ್ಟು ಬಿಗಿಯಾಯಿತು.

ಕಚೇರಿಗಳಲ್ಲೋ, ಎರಡನೇ ಸಲ ಕೇಳಿದರೆ ‘ಒಮ್ಮೆ ಹೇಳಿದ್ರೆ ಅರ್ಥ ಆಗಲ್ವಾ?’ ಎಂಬ ಗದರಿಕೆ. ಹಾಗಾಗಿ ಕಿರಿಯರು ಅರ್ಥವಾಗದಿದ್ದರೂ ತಲೆಯಾಡಿಸಿ, ತೋಚಿದ್ದನ್ನು ಮಾಡಿ ಬೈಸಿಕೊಳ್ಳುತ್ತಾರೆ. ಮನೆಗಳಲ್ಲೂ ಕಣ್ಣು ಮೊಬೈಲಿನಲ್ಲಿ, ಬಾಯಲ್ಲಿ ‘ಹ್ಞೂಂ’. ಹೊಸಬರ ತರಬೇತಿಗೆ ಹಣ ಸುರಿಯುವ ಸಂಸ್ಥೆಗಳು ಮೊದಲು ಮೇಲಧಿಕಾರಿಗಳನ್ನು ಕೇಳಿಸಿಕೊಳ್ಳುವುದನ್ನು ಕಲಿಸುವ ತರಗತಿಗಳಲ್ಲಿ ಕೂರಿಸಲಿ.

– ಓರ್ವ ಓದುಗ